ಗಣಿ ಕಂಪನಿಗಳು ಕಟ್ಟಿದ್ದೆಷ್ಟು? ಗುತ್ತಿಗೆವಾರು ಲೆಕ್ಕ ಕೊಡಿಸಿ: ನಾಲ್ಕು ಜಿಲ್ಲೆಗಳ ಶಾಸಕರಿಗೆ ಬಹಿರಂಗ ಪತ್ರ

ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಮಾನ್ಯ ಶಾಸಕರಿಗೆ,

ನಮಸ್ಕಾರ.

ನಾನು ಹೊಸಪೇಟೆಯಲ್ಲಿ ತೆರಿಗೆ ಸಲಹೆಗಾರ. ಕಿರಾಣಿ ಅಂಗಡಿ, ಟೈರ್ ಅಂಗಡಿ, ಸಣ್ಣ ಲಾಡ್ಜು, ಎರಡು ಮೂರು ಲಾರಿ ಇಟ್ಟುಕೊಂಡ ಮಾಲೀಕರು, ಇಂಥವರ ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಗಣಿ ಕಂಪನಿಗಳ ಫೈಲು ನನ್ನ ಟೇಬಲ್ಲಿಗೆ ಬರುವುದಿಲ್ಲ, ಅದಕ್ಕೆಲ್ಲ ಬೆಂಗಳೂರು, ಮುಂಬೈಯ ದೊಡ್ಡ ಆಡಿಟರ್‌ಗಳಿದ್ದಾರೆ. ಆದರೆ ನನ್ನ ಎದುರು ಕೂತು ಚಲನ್‌ಗೆ ದುಡ್ಡು ಎಣಿಸಿ ಕೊಡುವ ಜನ ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. "ನಾವಂತೂ ಕಟ್ಟಿದ್ವಿ ಸಾರ್. ಗುಡ್ಡ ಕಡಿಯೋರು ಎಷ್ಟು ಕಟ್ತಾರೆ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇರಬೇಕು, ಇಲ್ಲದಿದ್ದರೆ ನೀವು ಕೇಳಿ ತರಬೇಕು. ಅದಕ್ಕೇ ಈ ಪತ್ರ.

2025ರ ಜುಲೈ ನಿಮಗೆಲ್ಲ ನೆನಪಿರಬೇಕು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್, ತರಕಾರಿ ಮಾರುವವರಿಗೆಲ್ಲ ನೋಟಿಸ್ ಕಳಿಸಿತು. ಹಿಂದಿನ ನಾಲ್ಕು ವರ್ಷ ಮೊಬೈಲಿಗೆ ಬಂದ ದುಡ್ಡನ್ನೆಲ್ಲ ಕೂಡಿಸಿ, ವರ್ಷಕ್ಕೆ 40 ಲಕ್ಷ ದಾಟಿದೆ, ಬಾಕಿ ಕಟ್ಟಿ ಅಂದರು. ಅಣ್ಣನಿಗೆ ಕೊಟ್ಟ ಕೈಸಾಲ ವಾಪಸ್ ಬಂದದ್ದೂ ವ್ಯಾಪಾರದ ಲೆಕ್ಕಕ್ಕೇ ಸೇರಿತ್ತು. ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಬಿದ್ದವು. ಗಲಾಟೆ ಆದ ಮೇಲೆ ಸರ್ಕಾರ ಮೆತ್ತಗಾಯಿತು, ಅದು ಬೇರೆ ಮಾತು. ತೆರಿಗೆ ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಟ್ಟಬೇಕಾದವರು ಕಟ್ಟಲೇಬೇಕು. ನನ್ನ ಮಾತು ಇಷ್ಟೇ: ಸರ್ಕಾರಕ್ಕೆ ಮನಸ್ಸಿದ್ದರೆ ಹತ್ತು ರೂಪಾಯಿ ಟೀ ಮಾರಿದ ಲೆಕ್ಕವೂ ಸಿಗುತ್ತದೆ. ಹಾಗಿದ್ದರೆ ಒಂದೊಂದು ಗಣಿ ಗುತ್ತಿಗೆಯಿಂದ ವರ್ಷಕ್ಕೆ ಎಷ್ಟು ಟನ್ ಅದಿರು ಹೋಯಿತು, ಯಾವ ದರ್ಜೆ, ಯಾವ ಬೆಲೆಗೆ, ಅದಕ್ಕೆ ಎಷ್ಟು ಕಟ್ಟಿದರು ಅನ್ನುವ ಲೆಕ್ಕ ಜನರ ಮುಂದೆ ಯಾಕೆ ಇಲ್ಲ?

ಗಣಿ ಕಂಪನಿಗಳು ಏನೂ ಕಟ್ಟುವುದಿಲ್ಲ ಅನ್ನುವುದು ಸುಳ್ಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಹಾ ಅಂಗಡಿ ಕಟ್ಟೆ ಮೇಲೆ ಎಲ್ಲರೂ ಹಾಗೇ ಮಾತಾಡುತ್ತಾರೆ, ಆದರೆ ಲೆಕ್ಕ ಗೊತ್ತಿರುವವರು ಹಾಗೆ ಮಾತಾಡಬಾರದು. ಒಂದು ಲಾರಿ ಹಿಡಿದು ನೋಡೋಣ. ಲೆಕ್ಕ ಸುಲಭ ಆಗಲಿ ಅಂತ 25 ಟನ್ ಲೋಡು, ಟನ್ನಿಗೆ 4,000 ರೂಪಾಯಿ ಬೆಲೆ ಅಂದುಕೊಳ್ಳಿ. ಮಾಲಿನ ಬೆಲೆ ಒಂದು ಲಕ್ಷ. ಈಗ ಕಬ್ಬಿಣದ ಅದಿರಿಗೆ ರಾಜಧನ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ರಾಯಲ್ಟಿ) ಬೆಲೆಯ ಶೇ 15, ಅಂದರೆ 15,000 ರೂಪಾಯಿ. 2015ಕ್ಕೆ ಮೊದಲಿನ ಹಳೆ ಗುತ್ತಿಗೆಯಾದರೆ ಆ ರಾಜಧನದ ಮೇಲೆ ಶೇ 30 ಗಣಿ ಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅದು 4,500. ಖನಿಜ ಹುಡುಕುವ ಕೇಂದ್ರದ ನಿಧಿಗೆ ಐನೂರರ ಒಳಗೆ. ಒಟ್ಟು ಹೆಚ್ಚುಕಡಿಮೆ 20,000. ಲಕ್ಷಕ್ಕೆ ಇಪ್ಪತ್ತು ಸಾವಿರ ಕಮ್ಮಿಯಲ್ಲ. ಆಮೇಲೆ ಲಾಭದ ಮೇಲೆ ಆದಾಯ ತೆರಿಗೆ ಇದ್ದೇ ಇದೆ. ಜಿಎಸ್‌ಟಿಯನ್ನು ನಾನು ಇದಕ್ಕೆ ಸೇರಿಸುವುದಿಲ್ಲ, ಅದನ್ನು ಕೊಂಡವರಿಂದ ವಸೂಲಿ ಮಾಡಿ ಕಟ್ಟುತ್ತಾರೆ, ನಮ್ಮ ಕಿರಾಣಿ ಅಂಗಡಿಯವರೂ ಹಾಗೇ.

ಇದೇ ಲಾರಿ 2008ರಲ್ಲಿ ಹೋಗಿದ್ದರೆ? ಆಗ ರಾಜಧನ ಬೆಲೆಯ ಮೇಲೆ ಇರಲಿಲ್ಲ, ಟನ್ನಿನ ಮೇಲೆ ಇತ್ತು. ಒಳ್ಳೆಯ ದರ್ಜೆಯ ಲಂಪ್ಸ್‌ಗೂ (ಗಟ್ಟಿ ಅದಿರಿಗೂ) ಟನ್ನಿಗೆ 27 ರೂಪಾಯಿ ಮೀರುತ್ತಿರಲಿಲ್ಲ. 25 ಟನ್ ಲಾರಿಗೆ 675 ರೂಪಾಯಿ. ಬೀಜಿಂಗ್ ಒಲಿಂಪಿಕ್ಸ್ ಮುಂಚಿನ ಆ ವರ್ಷಗಳಲ್ಲಿ ಚೀನಾಕ್ಕೆ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ಹೊಸಪೇಟೆ, ಸಂಡೂರು ರಸ್ತೆಯಲ್ಲಿ ಲಾರಿ ಸಾಲು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಗೊತ್ತಾಗುತ್ತಿರಲಿಲ್ಲ. ರಸ್ತೆ ಪಕ್ಕದ ಮೆಣಸಿನಕಾಯಿ ಗಿಡದ ಎಲೆ ಕೆಂಪು, ಶಾಲೆ ಗೋಡೆ ಕೆಂಪು, ಒಗೆದು ಹಾಕಿದ ಬಟ್ಟೆ ಕೆಂಪು. ಒಂದು ಲಾರಿಗೆ ಕಟ್ಟಿದ್ದು ಆರುನೂರು ಚಿಲ್ಲರೆ. ಕಾನೂನಿನ ಪ್ರಕಾರ ನ್ಯಾಯವಾಗಿ ಕಟ್ಟಿದವರೂ ಕಟ್ಟಿದ್ದು ಅಷ್ಟೇ. ಕದ್ದವರ ಮಾತು ಆಮೇಲೆ.

2009ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಬೆಲೆಯ ಶೇ 10ಕ್ಕೆ ಬದಲಾಯಿಸಿತು, 2014ರ ಸೆಪ್ಟೆಂಬರ್‌ನಲ್ಲಿ ಶೇ 15 ಆಯಿತು. ಅಂದರೆ ಬೆಲೆ ಆಕಾಶದಲ್ಲಿದ್ದ ವರ್ಷಗಳಲ್ಲಿ ನಮಗೆ ಚಿಲ್ಲರೆ ಸಿಕ್ಕಿತು. ಹೋದ ಅದಿರು ಮತ್ತೆ ಬೆಳೆಯುವುದಿಲ್ಲ. ಸಂಡೂರಿನ ಗುಡ್ಡಕ್ಕೆ ಎರಡನೇ ಬೆಳೆ ಇಲ್ಲ.

ಇನ್ನು ಕದ್ದವರ ಮಾತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿದ್ದಾಗ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಕೊಟ್ಟ ವರದಿಯನ್ನು ನೀವು ಓದಿದ್ದೀರೋ ಇಲ್ಲವೋ, ನಿಮ್ಮ ಕ್ಷೇತ್ರದವರು ಬಹಳ ಜನ ಓದಿದ್ದಾರೆ. ಲೋಕಾಯುಕ್ತರಿಗಾಗಿ ತನಿಖೆ ನಡೆಸಿದ ಅರಣ್ಯ ಅಧಿಕಾರಿ ಡಾ. ಯು.ವಿ. ಸಿಂಗ್ ತಂಡ ಮಾಡಿದ ಕೆಲಸ ನನ್ನಂಥವನಿಗೆ ತುಂಬಾ ಚೆನ್ನಾಗಿ ಅರ್ಥವಾಗುತ್ತದೆ. ಇಲಾಖೆ ಎಷ್ಟು ಟನ್ನಿಗೆ ಪರ್ಮಿಟ್ ಕೊಟ್ಟಿತ್ತು ಅನ್ನುವುದು ಒಂದು ಕಡೆ, ಬಂದರಿನಿಂದ ನಿಜವಾಗಿ ಎಷ್ಟು ಟನ್ ಹಡಗು ಹತ್ತಿತು ಅನ್ನುವುದು ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟರು. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಲೆಕ್ಕಕ್ಕೆ ಸಿಗದೆ ಹೊರಗೆ ಹೋಗಿತ್ತು, ಬೆಲೆ 12,228 ಕೋಟಿ. ಒಟ್ಟು ನಷ್ಟ 16,085 ಕೋಟಿ ಅಂತ ವರದಿ ಅಂದಾಜು ಮಾಡಿತು. 25 ಟನ್ ಲೆಕ್ಕದಲ್ಲಿ ನೋಡಿದರೆ ಹನ್ನೊಂದು ಲಕ್ಷಕ್ಕೂ ಜಾಸ್ತಿ ಲಾರಿ ಲೋಡು. ಇಷ್ಟು ಲಾರಿ ಯಾರ ಕಣ್ಣಿಗೂ ಬೀಳದೆ ಹೋಗಲು ಆಗುತ್ತಾ? ಚೆಕ್‌ಪೋಸ್ಟ್ ದಾಟಿ, ಘಟ್ಟ ಇಳಿದು, ಕಾರವಾರದ ಹತ್ತಿರ ಬೇಲೆಕೇರಿ ಬಂದರಿನ ತನಕ? ಅಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಅದಿರೇ ಲಕ್ಷಗಟ್ಟಲೆ ಟನ್ ಮಾಯವಾಯಿತು. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷ ಆದ ಮೇಲೆ. ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿಟ್ಟಿತು.

ಇದನ್ನೆಲ್ಲ ಯಾಕೆ ನೆನಪಿಸುತ್ತಿದ್ದೇನೆ ಅಂದರೆ, ಆಗ ಕಳ್ಳತನ ಹೊರಗೆ ಬಂದದ್ದು ಎರಡು ಕಡೆಯ ಲೆಕ್ಕ ಪಕ್ಕಪಕ್ಕ ಇಟ್ಟಿದ್ದರಿಂದ. ಆ ಕೆಲಸ ಮಾಡಲು ಲೋಕಾಯುಕ್ತರೇ ಬರಬೇಕಾಯಿತು, ಯಾಕೆಂದರೆ ಬೇರೆ ಯಾರಿಗೂ ಕಾಗದ ಸಿಗುತ್ತಿರಲಿಲ್ಲ. ಈಗಲೂ ಸಿಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಗುತ್ತಿಗೆವಾರು ಲೆಕ್ಕ ಕೇಳಿದರೆ 'ಮೂರನೇ ವ್ಯಕ್ತಿಯ ವಾಣಿಜ್ಯ ಮಾಹಿತಿ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಾವ ಕಚೇರಿ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಅಲ್ಲಿ ಕೂತ ಗುಮಾಸ್ತರ ತಪ್ಪೇನೂ ಇಲ್ಲ. ಆದರೆ ಅದಿರು ಸರ್ಕಾರದ್ದು, ಅಂದರೆ ಜನರದ್ದು. ನಮ್ಮ ಮಾಲನ್ನು ಯಾರಿಗೆ ಎಷ್ಟಕ್ಕೆ ಕೊಟ್ಟಿರಿ ಅಂತ ಕೇಳಿದರೆ ನಾವೇ ಮೂರನೆಯವರು ಆಗುವುದು ಹೇಗೆ?

ಆಗ ಕಳ್ಳತನ ತೂಕದಲ್ಲಿತ್ತು. ಈಗ ಪರ್ಮಿಟ್ ಆನ್‌ಲೈನ್, ಲಾರಿಗೆ ಜಿಪಿಎಸ್, ವೇಬ್ರಿಡ್ಜ್ ಕಂಪ್ಯೂಟರಿಗೆ ಜೋಡಣೆ. ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆ ನಿಲ್ಲಿಸಿ, 2013ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟ ಮೇಲೆ ಬಹಳ ಸುಧಾರಿಸಿದೆ, ಅದನ್ನು ಒಪ್ಪುತ್ತೇನೆ. ಲಾರಿ ಲೆಕ್ಕದಲ್ಲೇ ತಪ್ಪಿಸುವುದು ಈಗ ಕಷ್ಟ. ನನ್ನ ಚಿಂತೆ ಬೇರೆ ಎರಡು ಜಾಗದ್ದು: ದರ್ಜೆ ಮತ್ತು ಬೆಲೆ.

ಅದಿರಿನಲ್ಲಿ ಕಬ್ಬಿಣದ ಅಂಶ ಎಷ್ಟು ಅನ್ನುವುದರ ಮೇಲೆ ದರ್ಜೆ. 55ರಿಂದ 58, 58ರಿಂದ 60, 60ರಿಂದ 62, 62ರಿಂದ 65, ಹೀಗೆ ಹಂತಗಳು. ಲಂಪ್ಸ್ ಬೇರೆ, ಫೈನ್ಸ್ (ಪುಡಿ ಅದಿರು) ಬೇರೆ. ಪ್ರತಿ ಹಂತಕ್ಕೂ ನಾಗಪುರದ ಭಾರತೀಯ ಗಣಿ ಬ್ಯೂರೊ ತಿಂಗಳು ತಿಂಗಳು ಸರಾಸರಿ ಮಾರಾಟ ಬೆಲೆ ಪ್ರಕಟಿಸುತ್ತದೆ. ರಾಜಧನ ಲೆಕ್ಕ ಹಾಕುವುದು ಆ ಬೆಲೆಯ ಮೇಲೆ. ಈಗ ಒಂದು ರಾಶಿಯಿಂದ ತೆಗೆದ ಸ್ಯಾಂಪಲ್ ಪುಡಿ ಲ್ಯಾಬಿನಲ್ಲಿ 62.3 ಬರಬೇಕಾದ್ದು 61.8 ಅಂತ ಬರೆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ. ರಾಶಿ ಅದೇ, ಲಾರಿ ಅದೇ, ತೂಕ ಅದೇ. ಆದರೆ ಇಡೀ ರಾಶಿ ಒಂದು ಹಂತ ಕೆಳಗೆ ಇಳಿಯಿತು, ಅದರ ಜೊತೆ ರಾಜಧನವೂ ಇಳಿಯಿತು. ಸ್ಯಾಂಪಲ್ ರಾಶಿಯ ಯಾವ ಮೂಲೆಯಿಂದ ತೆಗೆದರು, ಯಾರು ತೆಗೆದರು, ಇನ್ನೊಂದು ಲ್ಯಾಬಿಗೆ ಕಳಿಸಿದರಾ ಅನ್ನುವುದರ ಮೇಲೆ ಲಕ್ಷಾಂತರ ರೂಪಾಯಿ ನಿಂತಿದೆ.

ಬೆಲೆಯ ಕತೆ ಇನ್ನೂ ಸೂಕ್ಷ್ಮ. ಆ ಸರಾಸರಿ ಬೆಲೆ ಹುಟ್ಟುವುದು ಗಣಿಯವರೇ ಪ್ರತಿ ತಿಂಗಳು ತುಂಬಿ ಕೊಡುವ ರಿಟರ್ನ್‌ನಿಂದ. ಅವರು ಕಮ್ಮಿ ಬೆಲೆ ಬರೆದರೆ ಸರಾಸರಿಯೂ ಕಮ್ಮಿ. 2022ರ ಮೇ ತನಕ ಈ ನಾಲ್ಕು ಜಿಲ್ಲೆಗಳ ಅದಿರು ಇ-ಹರಾಜಿನಲ್ಲೇ ಮಾರಾಟ ಆಗಬೇಕಿತ್ತು, ಬೆಲೆ ಎಲ್ಲರ ಕಣ್ಣೆದುರು ನಿಲ್ಲುತ್ತಿತ್ತು. ಸುಪ್ರೀಂ ಕೋರ್ಟ್ ಆ ಕಟ್ಟು ತೆಗೆದು ನೇರ ಮಾರಾಟಕ್ಕೂ ರಫ್ತಿಗೂ ಅವಕಾಶ ಕೊಟ್ಟಿತು. ಕಂಪನಿಗಳು ಅದನ್ನು ಕೇಳಿದ್ದಕ್ಕೆ ಕಾರಣ ಇತ್ತು, ಹರಾಜಿನಲ್ಲಿ ಮಾಲು ಉಳಿದು ಹೋಗುತ್ತಿತ್ತು. ಆದರೆ ಈಗ ಮಾರುವವರು ಮತ್ತು ಕೊಳ್ಳುವವರು ಇಬ್ಬರೇ ಕೂತು ಬೆಲೆ ಬರೆಯಬಹುದು. ಇಬ್ಬರೂ ಒಂದೇ ಗುಂಪಿನವರಾದರೆ? ವಿದೇಶದಲ್ಲಿ ಒಂದು ಕಂಪನಿ ತೆರೆದು ಅದಕ್ಕೆ ಕಮ್ಮಿ ಬೆಲೆಗೆ ಮಾರಿ, ಅಲ್ಲಿಂದ ಚೀನಾಕ್ಕೆ ಪೂರ್ತಿ ಬೆಲೆಗೆ ಮಾರಿದರೆ ಲಾಭ ಅಲ್ಲಿ ಉಳಿಯುತ್ತದೆ, ರಾಜಧನವೂ ಆದಾಯ ತೆರಿಗೆಯೂ ಎರಡೂ ಇಲ್ಲಿ ಕಮ್ಮಿ ಆಗುತ್ತವೆ. ಇದು ನನ್ನ ಕಲ್ಪನೆಯಲ್ಲ. ದೇಶದ ಅಕ್ರಮ ಗಣಿಗಾರಿಕೆ ತನಿಖೆಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗ ರಫ್ತಿನಲ್ಲಿ ಬೆಲೆ ಕಮ್ಮಿ ತೋರಿಸುವ ಈ ವಿಷಯವನ್ನೇ ಎತ್ತಿತ್ತು. ಕರ್ನಾಟಕದಲ್ಲಿ ವರ್ಷಕ್ಕೆ 5 ಕೋಟಿ ಟನ್ ತನಕ ತೆಗೆಯಲು 2022ರಿಂದ ಅವಕಾಶ ಇದೆ. ಟನ್ನಿಗೆ ಬರೀ 100 ರೂಪಾಯಿ ಬೆಲೆ ಕಮ್ಮಿ ಬರೆದರೂ ರಾಜಧನದಲ್ಲಿ 15 ರೂಪಾಯಿ ಹೋಗುತ್ತದೆ. ಪೂರ್ತಿ ಮಿತಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 75 ಕೋಟಿ. ನಮ್ಮ ಅಂಗಡಿಯವರು ರಿಟರ್ನ್ ಒಂದು ದಿನ ತಡ ಮಾಡಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ.

ಈಗ ನ್ಯಾಯವಾದ ಪಾಲು ಎಷ್ಟು ಅನ್ನುವ ಮಾತಿಗೆ ಬರುತ್ತೇನೆ. ಶೇ 20 ನ್ಯಾಯವೇ? ಇದಕ್ಕೆ ಉತ್ತರ ಕಂಪನಿಗಳೇ ಕೊಟ್ಟಿವೆ. 2015ರಲ್ಲಿ ಕಾಯ್ದೆ ತಿದ್ದುಪಡಿ ಆಗಿ ಗಣಿ ಗುತ್ತಿಗೆಗಳನ್ನು ಹರಾಜು ಹಾಕಲು ಶುರು ಮಾಡಿದರು. ಹರಾಜಿನಲ್ಲಿ ಪಡೆದವರು ರಾಜಧನದ ಜೊತೆಗೆ ಬೆಲೆಯ ಇಂತಿಷ್ಟು ಪಾಲು ಪ್ರೀಮಿಯಂ ಕೊಡಬೇಕು. 2020ರಲ್ಲಿ ಒಡಿಶಾದಲ್ಲಿ ಶೇ 100 ದಾಟಿ ಬಿಡ್ ಹಾಕಿದವರಿದ್ದರು. ಒಡಿಶಾದ ಗಣಿ ಆದಾಯ 2021–22ರಲ್ಲಿ 50 ಸಾವಿರ ಕೋಟಿಯ ಹತ್ತಿರ ಬಂತು. ಅದಕ್ಕೂ ಎರಡು ವರ್ಷ ಮುಂಚೆ ಅದರ ಕಾಲು ಭಾಗವೂ ಇರಲಿಲ್ಲ. ಅದಿರಿನ ಬೆಲೆ ಏರಿದ್ದೂ ಅದಕ್ಕೆ ಒಂದು ಕಾರಣ, ಆದರೆ ಪ್ರೀಮಿಯಂ ದೊಡ್ಡ ಕಾರಣ. ಹಾಗಾದರೆ ಅದಕ್ಕೆ ಮುಂಚೆ ಅಷ್ಟು ವರ್ಷ ಆ ದುಡ್ಡು ಎಲ್ಲಿ ಹೋಗುತ್ತಿತ್ತು?

ಇಷ್ಟು ದೊಡ್ಡ ಬಿಡ್ಡನ್ನೇ ನ್ಯಾಯವಾದ ಪಾಲು ಅನ್ನಲು ನಾನು ತಯಾರಿಲ್ಲ. ಉಕ್ಕಿನ ಕಂಪನಿಗಳು ತಮ್ಮ ಕುಲುಮೆಗೆ ಅದಿರು ತಪ್ಪಬಾರದು ಅಂತ ಅದಿರಿನಲ್ಲಿ ನಷ್ಟ ಮಾಡಿಕೊಂಡು ಉಕ್ಕಿನಲ್ಲಿ ಎತ್ತುತ್ತವೆ. ಕೆಲವರು ಜೋಶಿನಲ್ಲಿ ಕೂಗಿ ಆಮೇಲೆ ಗಣಿ ವಾಪಸ್ ಕೊಟ್ಟದ್ದೂ ಇದೆ. ಆದರೆ ಒಂದೇ ಗುಡ್ಡದ ಈ ಕಡೆಯ ಹಳೆ ಗುತ್ತಿಗೆಯವರು ಲಕ್ಷಕ್ಕೆ 20,000 ಕಟ್ಟಿ, ಆ ಕಡೆಯ ಹರಾಜಿನವರು ಅದರ ಎಷ್ಟೋ ಪಟ್ಟು ಕಟ್ಟಿಯೂ ಗಣಿ ನಡೆಸುತ್ತಾರೆ ಅಂದರೆ, ಹಳೆ ಗುತ್ತಿಗೆಯಲ್ಲಿ ಉಳಿಯುವ ಲಾಭ ಎಷ್ಟು ಅಂತ ಕೇಳುವ ಹಕ್ಕು ನಮಗಿದೆ. ಹಳೆ ಗುತ್ತಿಗೆಗಳಲ್ಲಿ ಕೆಲವು 2030 ದಾಟಿಯೂ ನಡೆಯುತ್ತವೆ.

ನಮ್ಮ ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿಯ ಕತೆಯನ್ನೇ ನೋಡಿ. ಅದು ಖಾಸಗಿ ಗಣಿಯಲ್ಲ, ಕೇಂದ್ರ ಸರ್ಕಾರದ ಎನ್‌ಎಂಡಿಸಿಯದು. 2018ರ ನವೆಂಬರ್‌ನಲ್ಲಿ ಗುತ್ತಿಗೆ ಮುಗಿಯಿತು. ನವೀಕರಿಸಬೇಕಾದರೆ ಶೇ 80 ಪ್ರೀಮಿಯಂ ಕೊಡಿ ಅಂತ ರಾಜ್ಯ ಕೇಳಿತು. ಕಂಪನಿ ಒಪ್ಪದೆ ಗಣಿ ನಿಲ್ಲಿಸಿ ಕೋರ್ಟಿಗೆ ಹೋಯಿತು. ಎರಡು ವರ್ಷಕ್ಕೂ ಹೆಚ್ಚು ಗಣಿ ನಿಂತಿತ್ತು. ಕೊನೆಗೆ 2021ರ ಫೆಬ್ರುವರಿಯಲ್ಲಿ ಶೇ 22.5ಕ್ಕೆ ರಾಜಿಯಾಗಿ ಕೆಲಸ ಶುರುವಾಯಿತು. ಸರ್ಕಾರಿ ಕಂಪನಿಗಳಿಗೆ ಅಷ್ಟೇ ಅಂತ ಕೇಂದ್ರ ಆಮೇಲೆ ಕಾಯ್ದೆಯಲ್ಲೇ ಬರೆದುಬಿಟ್ಟಿತು. ರಾಜ್ಯ ಕೇಳಿದ್ದು 80, ಸಿಕ್ಕಿದ್ದು 22.5. ನಡುವಿನ ಅಂತರ ಯಾವ ಲೆಕ್ಕದ ಮೇಲೆ ತೀರ್ಮಾನ ಆಯಿತು ಅಂತ ಸಂಡೂರಿನ ಜನಕ್ಕೆ ಯಾರೂ ಹೇಳಲಿಲ್ಲ. ಆ ಎರಡು ವರ್ಷ ಅಲ್ಲಿನ ಗುತ್ತಿಗೆ ಕಾರ್ಮಿಕರು ಏನು ತಿಂದರು ಅಂತಲೂ ಯಾರೂ ಕೇಳಲಿಲ್ಲ.

2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಂದು ದೊಡ್ಡ ತೀರ್ಪು ಕೊಟ್ಟಿತು. ಎಂಟು ಜನ ಒಂದು ಕಡೆ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ ಭಿನ್ನಮತ. ರಾಜಧನ ತೆರಿಗೆಯಲ್ಲ, ಖನಿಜ ತೆಗೆಯುವ ಹಕ್ಕಿಗೆ ಮಾಲೀಕನಿಗೆ ಕೊಡುವ ಪ್ರತಿಫಲ. ಆ ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಇದೆ ಅಂತ ಬಹುಮತ ಹೇಳಿತು. ನಾನು ಇದನ್ನು ನನ್ನ ಕಕ್ಷಿದಾರರಿಗೆ ಹೇಳುವುದು ಹೀಗೆ: ನಿಮ್ಮ ತೋಟದ ತೆಂಗಿನಕಾಯಿ ಕೊಂಡವರು ಕೊಟ್ಟ ದುಡ್ಡು ಕಾಯಿಯ ಬೆಲೆ. ಅದನ್ನೇ ತೋರಿಸಿ 'ನಾವು ಈ ಊರಿಗೆ ತೆರಿಗೆ ಕಟ್ಟಿದ್ದೇವೆ' ಅಂದರೆ ನೀವು ಒಪ್ಪುತ್ತೀರಾ? ಗಣಿ ಕಂಪನಿಗಳ ಜಾಹೀರಾತಿನಲ್ಲಿ 'ನಾವು ಖಜಾನೆಗೆ ಇಷ್ಟು ಕೋಟಿ ಕೊಟ್ಟೆವು' ಅಂತ ಬರುವಾಗ ಅದರಲ್ಲಿ ಮಾಲಿನ ಬೆಲೆ ಎಷ್ಟು, ತೆರಿಗೆ ಎಷ್ಟು, ಕೊಂಡವರಿಂದ ವಸೂಲಿ ಮಾಡಿ ದಾಟಿಸಿದ್ದು ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡಬೇಕು. ಅದೇ ವರ್ಷ ಆಗಸ್ಟ್ 14ರಂದು ಕೋರ್ಟ್ ಇನ್ನೂ ಮುಂದೆ ಹೋಗಿ, 2005ರ ಏಪ್ರಿಲ್ 1ರಿಂದ ಈಚಿನ ಬಾಕಿಯನ್ನು ರಾಜ್ಯಗಳು ಕೇಳಬಹುದು, ಆದರೆ 2026ರ ಏಪ್ರಿಲ್‌ನಿಂದ 12 ವರ್ಷದಲ್ಲಿ ಕಂತು ಕಂತಾಗಿ ಪಡೆಯಬೇಕು, ಹಳೆ ಬಡ್ಡಿ, ದಂಡ ಬೇಡ ಅಂತ ಹೇಳಿತು. ಜಾರ್ಖಂಡ್ ತಕ್ಷಣ ಕಬ್ಬಿಣದ ಅದಿರಿಗೂ ಕಲ್ಲಿದ್ದಲಿಗೂ ಟನ್ನಿಗೆ 100 ರೂಪಾಯಿ ಸೆಸ್ ಹಾಕಿತು. ತಮಿಳುನಾಡು ಕೂಡ ಕಾಯ್ದೆ ಮಾಡಿತು. ನೀವೂ 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಖನಿಜ ಹಕ್ಕು ಮತ್ತು ಖನಿಜ ಭೂಮಿ ತೆರಿಗೆ ಮಸೂದೆ ಪಾಸು ಮಾಡಿದಿರಿ. ಅದು ರಾಜ್ಯಪಾಲರಿಂದ ರಾಷ್ಟ್ರಪತಿಗಳ ಅಂಕಿತಕ್ಕೆ ಹೋಯಿತು. ಆಮೇಲೆ ನಿಮ್ಮಲ್ಲಿ ಎಷ್ಟು ಜನ ಅದನ್ನು ಬೆನ್ನು ಹತ್ತಿದಿರಿ? ಪಾಸು ಮಾಡಿದ ದಿನದ ಫೋಟೊ ನೋಡಿದ್ದೇವೆ, ಆಮೇಲಿನ ಒತ್ತಾಯ ನೋಡಲಿಲ್ಲ.

ಬರೀ ಕಬ್ಬಿಣದ ಮಾತಲ್ಲ ಇದು. ಕಲಬುರಗಿ ಕಡೆ ಸೇಡಂ, ವಾಡಿ, ಚಿತ್ತಾಪುರದ ಸುಣ್ಣದಕಲ್ಲು ನೋಡಿ. ಅದಕ್ಕೆ ರಾಜಧನ 2014ರಲ್ಲಿ ಟನ್ನಿಗೆ 80 ರೂಪಾಯಿ ಅಂತ ನಿಗದಿ ಆಯಿತು. ಮೂರು ವರ್ಷಕ್ಕೊಮ್ಮೆ ಏರಿಸಲು ಕಾಯ್ದೆಯಲ್ಲಿ ಅವಕಾಶ ಇದ್ದರೂ ಹತ್ತು ವರ್ಷ ಕಳೆದರೂ ಅದು ಎಂಬತ್ತರಲ್ಲೇ ಕೂತಿತ್ತು. ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು, ಒಂದು ಟನ್ ಅಂದರೆ 20 ಚೀಲ. ಅಂದರೆ ನೀವು ಮನೆ ಕಟ್ಟಲು 350, 400 ರೂಪಾಯಿ ಕೊಟ್ಟು ತರುವ ಒಂದು ಚೀಲದಲ್ಲಿ ಕಲ್ಲಿನ ರಾಜಧನ ಆರು ರೂಪಾಯಿ. ಮನೆ ಕಟ್ಟುವವರು ಆ ಚೀಲಕ್ಕೆ ಕೊಡುವ ಜಿಎಸ್‌ಟಿ ದರ ಇಳಿದ ಮೇಲೂ ಐವತ್ತು ರೂಪಾಯಿಗಿಂತ ಜಾಸ್ತಿ. ರಾಜಧನದ ದರ ಇಡುವುದು ಕೇಂದ್ರ, ರಾಜ್ಯವಲ್ಲ, ನನಗೆ ಗೊತ್ತು. ಅದಕ್ಕೇ ರಾಜ್ಯದ ಮಸೂದೆ ಮುಖ್ಯ ಅನ್ನುತ್ತಿರುವುದು.

ಕಂಪನಿಗಳ ದೂರುಗಳಲ್ಲೂ ಹುರುಳಿದೆ. ಸರಾಸರಿ ಬೆಲೆಯ ಒಳಗೇ ಹಿಂದೆ ಕಟ್ಟಿದ ರಾಜಧನ ಸೇರಿರುತ್ತದೆ, ಹಾಗಾಗಿ ರಾಜಧನದ ಮೇಲೆ ರಾಜಧನ ಬೀಳುತ್ತದೆ ಅಂತ ಅವರು ಸುಪ್ರೀಂ ಕೋರ್ಟಿನ ತನಕ ಹೋಗಿದ್ದಾರೆ. ಅದು ನಿಜವಾದ ತೊಂದರೆ, ಸರಿಪಡಿಸಬೇಕು. ಹರಾಜಿನಲ್ಲಿ ದೊಡ್ಡ ಪ್ರೀಮಿಯಂ ಕೊಡುವವರ ಮೇಲೆ ಇನ್ನೊಂದು ತೆರಿಗೆ ಹಾಕುವುದು, ಹಳೆ ಗುತ್ತಿಗೆಯವರ ಮೇಲೂ ಅಷ್ಟೇ ಹಾಕುವುದು ಸರಿಯಲ್ಲ, ಎರಡಕ್ಕೂ ಬೇರೆ ದರ ಇರಬೇಕು. ಆದರೆ 'ತೆರಿಗೆ ಜಾಸ್ತಿ ಮಾಡಿದರೆ ಜನರ ಕೆಲಸ ಹೋಗುತ್ತದೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಕೆಲಸ ಹೋದದ್ದು 2011ರಲ್ಲಿ, ತೆರಿಗೆಯಿಂದಲ್ಲ, ಕಳ್ಳತನದಿಂದ. ಕೋರ್ಟ್ ಗಣಿ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ತಗೊಂಡಿದ್ದವರ ಮನೆ ಮುಂದೆ ಫೈನಾನ್ಸ್‌ನವರು ಬಂದು ನಿಂತರು. ಕಂತು ಕಟ್ಟಲಾಗದೆ ಲಾರಿಯ ಕೀಲಿ ಒಪ್ಪಿಸಿದವರು, ಗ್ಯಾರೇಜ್ ಮುಚ್ಚಿದವರು, ಢಾಬಾ ಮಾರಿ ಊರು ಬಿಟ್ಟವರು, ಇವರ ಫೈಲುಗಳು ಇನ್ನೂ ನನ್ನ ಕಪಾಟಿನಲ್ಲಿವೆ. ಅವರು ಯಾರೂ ಹೆಲಿಕಾಪ್ಟರ್ ಕೊಂಡವರಲ್ಲ.

ಕಳ್ಳತನದ ದುಡ್ಡು ವಾಪಸ್ ಬಂತಾ? 2025ರಲ್ಲಿ ಕಾನೂನು ಸಚಿವ ಎಚ್.ಕೆ. ಪಾಟೀಲರೇ ಮುಖ್ಯಮಂತ್ರಿಗೆ ಪತ್ರ ಬರೆದು, ಅಕ್ರಮ ಗಣಿಗಾರಿಕೆಯ ಪ್ರಕರಣಗಳಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟೂ ತನಿಖೆ ಆಗಿಲ್ಲ ಅಂದರು. ಮಂತ್ರಿಗಳೇ ಹೀಗೆ ಪತ್ರ ಬರೆಯುವ ಸ್ಥಿತಿ ಇದ್ದರೆ ನಾವು ಯಾರಿಗೆ ಬರೆಯಬೇಕು? ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿಯ ಯೋಜನೆ ಇದೆ. ಆ ದುಡ್ಡು ಕೂಡ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ, ಮಾರಾಟದ ದುಡ್ಡಿನಲ್ಲಿ ಇಷ್ಟು ಪಾಲು ತೆಗೆದಿಡಿ ಅಂತ ಸುಪ್ರೀಂ ಕೋರ್ಟ್ ಕಟ್ಟಿ ಹಾಕಿದ್ದರಿಂದ ಕೂಡಿದ್ದು. ಅದನ್ನು ಗಣಿ ಇಲ್ಲದ ತಾಲ್ಲೂಕಿನ ಸಭಾಭವನಕ್ಕೆ ಕೇಳಬೇಡಿ, ದಯವಿಟ್ಟು. ಧೂಳು ಕುಡಿದವರಿಗೆ ಮೊದಲು ನೀರು, ಆಸ್ಪತ್ರೆ ಆಗಲಿ.

ಲೆಕ್ಕ ಬಹಿರಂಗ ಮಾಡುವುದು ಅಸಾಧ್ಯ ಅಂತ ಅಧಿಕಾರಿಗಳು ಹೇಳಿದರೆ ಕೆನಡಾ ತೋರಿಸಿ. ಅಲ್ಲಿ 2015ರಿಂದ ಕಾನೂನಿದೆ: ಗಣಿ, ತೈಲ ಕಂಪನಿಗಳು ಯಾವುದೇ ದೇಶದ ಯಾವುದೇ ಸರ್ಕಾರಕ್ಕೆ ಒಂದು ಲಕ್ಷ ಡಾಲರ್ ಮೇಲೆ ಕಟ್ಟಿದ್ದನ್ನು ಯೋಜನೆವಾರು ಬರೆದು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಂಪನಿಗಳೇನೂ ಮುಳುಗಲಿಲ್ಲ. ಇಂಥ ಲೆಕ್ಕ ಬಹಿರಂಗ ಮಾಡುವ ಅಂತರರಾಷ್ಟ್ರೀಯ ವ್ಯವಸ್ಥೆಯೊಂದರಲ್ಲಿ ಐವತ್ತಕ್ಕೂ ಜಾಸ್ತಿ ದೇಶಗಳಿವೆ, ಭಾರತ ಅದರಲ್ಲಿ ಸೇರಿಲ್ಲ. ಕರ್ನಾಟಕ ಕೇಂದ್ರಕ್ಕೆ ಕಾಯಬೇಕಿಲ್ಲ. ಪರ್ಮಿಟ್, ತೂಕ, ದರ್ಜೆ, ಪಾವತಿ ಎಲ್ಲ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಹೊಸದಾಗಿ ಏನೂ ಸಂಗ್ರಹಿಸಬೇಕಿಲ್ಲ, ಬಾಗಿಲು ತೆರೆದರೆ ಸಾಕು.

ನಿಮ್ಮಿಂದ ನಾನು ಕೇಳುವುದು ಒಂದೇ ಕೆಲಸ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಉತ್ತರಿಸಬೇಕಾದ ಪ್ರಶ್ನೆ) ಹಾಕಿ. ಸಮಯ ಇಲ್ಲ ಅನ್ನಬೇಡಿ, ಬರೆದೇ ಕೊಡುತ್ತೇನೆ:

"2020ರ ಏಪ್ರಿಲ್‌ನಿಂದ ಈವರೆಗೆ ರಾಜ್ಯದ ಪ್ರತಿಯೊಂದು ಕಬ್ಬಿಣದ ಅದಿರು ಗಣಿ ಗುತ್ತಿಗೆಯಿಂದ ಪ್ರತಿ ವರ್ಷ ಸಾಗಣೆಯಾದ ಅದಿರು ದರ್ಜೆವಾರು ಎಷ್ಟು, ಗುತ್ತಿಗೆದಾರರು ಘೋಷಿಸಿದ ಮಾರಾಟ ಬೆಲೆ ಎಷ್ಟು, ಅದೇ ತಿಂಗಳ ಸರಾಸರಿ ಮಾರಾಟ ಬೆಲೆ ಎಷ್ಟು, ತಮ್ಮದೇ ಗುಂಪಿನ ಕಂಪನಿಗಳಿಗೆ ಮಾರಿದ್ದು ಎಷ್ಟು, ರಾಜಧನ, ಪ್ರೀಮಿಯಂ ಮತ್ತು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಿದ್ದು ಎಷ್ಟು, ಬಾಕಿ ಎಷ್ಟು, ದರ್ಜೆ ಪರೀಕ್ಷೆಯನ್ನು ಎರಡನೇ ಪ್ರಯೋಗಾಲಯದಲ್ಲಿ ಎಷ್ಟು ಸಲ ಮಾಡಿಸಲಾಗಿದೆ, ಎಷ್ಟು ಸಲ ವ್ಯತ್ಯಾಸ ಬಂದಿದೆ, ಈ ಮಾಹಿತಿಯನ್ನು ಪ್ರತಿ ತಿಂಗಳು ಕನ್ನಡದಲ್ಲಿ ಸಾರ್ವಜನಿಕರಿಗೆ ಪ್ರಕಟಿಸಲು ಸರ್ಕಾರಕ್ಕೆ ಇರುವ ಅಡ್ಡಿ ಏನು?"

ಉತ್ತರ ಸದನದ ಮೇಜಿನ ಮೇಲೆ ಬಂದ ದಿನ ಅದರ ಪ್ರತಿಯನ್ನು ನಮಗೂ ಕಳಿಸಿ. ಕೂಡಿ ಕಳೆದು ನೋಡಲು ಹೊಸಪೇಟೆ, ಸಂಡೂರು, ಬಳ್ಳಾರಿಯಲ್ಲಿ ನನ್ನಂಥ ತೆರಿಗೆ ಕೆಲಸದವರು ಬೇಕಾದಷ್ಟು ಜನ ಇದ್ದೇವೆ. ಫೀಸು ಕೇಳುವುದಿಲ್ಲ.

ಇಂತಿ,
ಹೊಸಪೇಟೆಯ ಒಬ್ಬ ತೆರಿಗೆ ಸಲಹೆಗಾರ